ಗ್ರೇಟಿಂಗ್ ಎಳೆಯಬೇಕೋ, ಒತ್ತಬೇಕೋ, ಕಾಯಿಸಬೇಕೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಆಪ್ಟಿಕಲ್ ಫೈಬರ್ ಒಳಗೆ ಬರೆಯುವ ಬ್ರ್ಯಾಗ್ ಗ್ರೇಟಿಂಗ್ (ಒಂದೇ ತರಂಗಾಂತರದ ಬೆಳಕನ್ನು ವಾಪಸ್ ಕಳಿಸುವ ಸೂಕ್ಷ್ಮ ಪಟ್ಟೆಗಳ ಸಾಲು) ಬಗ್ಗೆ ಒಂದು ಪುಟ ಬರೆದಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವು. ಸುತ್ತಿ ಬಳಸಿ ಎಲ್ಲರೂ ಕೇಳಿದ್ದು ಒಂದೇ: ಒಮ್ಮೆ ಬರೆದಾದ ಮೇಲೆ ಗ್ರೇಟಿಂಗ್‌ನ ತರಂಗಾಂತರವನ್ನು ಆಚೆ ಈಚೆ ಸರಿಸುವುದು, ಅಂದರೆ ಟ್ಯೂನ್ ಮಾಡುವುದು, ಹೇಗೆ? ಕೆಲವನ್ನು ಆರಿಸಿ ಉತ್ತರಿಸಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿದ್ದೇನೆ, ಬೇಜಾರಾಗಬೇಡಿ.

ಪ್ರ: ನಮ್ಮ ಲ್ಯಾಬ್‌ಗೆ ತಂದ ಗ್ರೇಟಿಂಗ್ ಡಬ್ಬಿಯ ಮೇಲೆ 1550 ನ್ಯಾನೋಮೀಟರ್ ಅಂತ ಅಚ್ಚಾಗಿದೆ. ಅದು ಗಾಜಿನೊಳಗೆ ಕೂತುಬಿಟ್ಟಿರುವ ಗೆರೆ ಅಲ್ವಾ? ಬದಲಾಗುವುದಾದರೂ ಹೇಗೆ?
– ಇಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ, ಬೆಳಗಾವಿ

ಉ: ಕೂತಿರುವುದು ನಿಜ, ಆದರೆ ಕೂತಿರುವ ಗಾಜು ಅಲುಗಾಡದೆ ಇರುವುದಿಲ್ಲ. ಮೊದಲು ಅಲ್ಲಿರುವುದೇನು ಅಂತ ನೋಡಿ. ಫೈಬರ್‌ನ ಕೋರ್ (ಬೆಳಕು ಸಾಗುವ ನಡುಭಾಗ) ಉದ್ದಕ್ಕೂ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ನಿಧಾನ ಮಾಡುತ್ತದೆ ಅನ್ನುವ ಅಳತೆ) ತುಸು ಹೆಚ್ಚು, ತುಸು ಕಡಿಮೆ, ಮತ್ತೆ ಹೆಚ್ಚು ಅಂತ ಪಟ್ಟೆಪಟ್ಟೆಯಾಗಿ ಬದಲಾಗುತ್ತದೆ. ಒಂದೊಂದು ಪಟ್ಟೆಯಿಂದ ಹಿಂದಕ್ಕೆ ಚಿಮ್ಮುವ ಬೆಳಕು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಆದರೆ ಒಂದೇ ಒಂದು ತರಂಗಾಂತರಕ್ಕೆ ಮಾತ್ರ ಎಲ್ಲ ಪಟ್ಟೆಗಳ ಪ್ರತಿಫಲನ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಆ ಬಣ್ಣ ವಾಪಸ್ ಬರುತ್ತದೆ, ಉಳಿದದ್ದೆಲ್ಲ ಮುಂದೆ ಹೋಗುತ್ತದೆ. ಸೂತ್ರ ಚಿಕ್ಕದು: ತರಂಗಾಂತರ ಅಂದರೆ 2 × ಕೋರ್‌ನಲ್ಲಿ ಬೆಳಕು ಕಾಣುವ ಸೂಚ್ಯಂಕ × ಪಟ್ಟೆಗಳ ನಡುವಿನ ಅಂತರ. ಸೂಚ್ಯಂಕ 1.447 ಆಸುಪಾಸು ಇರುತ್ತದೆ, ಹಾಗಾಗಿ 1550ಕ್ಕೆ ಬೇಕಾದ ಅಂತರ ಸುಮಾರು 535 ನ್ಯಾನೋಮೀಟರ್. ಒಂದು ಸೆಂಟಿಮೀಟರ್ ಉದ್ದದ ಗ್ರೇಟಿಂಗ್‌ನಲ್ಲಿ ಇಂಥ ಪಟ್ಟೆಗಳು 18,000ಕ್ಕೂ ಹೆಚ್ಚು.

ಸೂತ್ರದಲ್ಲಿ ನೀವು ಮುಟ್ಟಬಹುದಾದದ್ದು ಎರಡೇ: ಸೂಚ್ಯಂಕ ಮತ್ತು ಅಂತರ. ಯಾವ ಜಾಹೀರಾತು ಏನೇ ಹೆಸರಿಟ್ಟರೂ ಟ್ಯೂನಿಂಗ್ ವಿಧಾನಗಳೆಲ್ಲ ಈ ಎರಡರಲ್ಲಿ ಒಂದನ್ನೋ ಎರಡನ್ನೂ ಒಟ್ಟಿಗೋ ಅಲುಗಿಸುತ್ತವೆ. ಎಳೆದರೆ ಮುಖ್ಯವಾಗಿ ಅಂತರ ಬದಲಾಗುತ್ತದೆ. ಕಾಯಿಸಿದರೆ ಮುಖ್ಯವಾಗಿ ಸೂಚ್ಯಂಕ ಬದಲಾಗುತ್ತದೆ. ಕಾಯಿಸಿದಾಗ ಗಾಜು ಹಿಗ್ಗುವುದರಿಂದಲೇ ತರಂಗಾಂತರ ಸರಿಯುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಸಿಲಿಕಾ ಗಾಜು ಹಿಗ್ಗುವುದು ತೀರಾ ಕಮ್ಮಿ, ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಅರ್ಧ ಭಾಗದಷ್ಟು. ಸೂಚ್ಯಂಕ ಬದಲಾಗುವುದು ಅದರ ಹತ್ತರಷ್ಟಕ್ಕಿಂತ ಜಾಸ್ತಿ.

ಇದರ ಇತಿಹಾಸವನ್ನೂ ಚುಟುಕಾಗಿ ಹೇಳುತ್ತೇನೆ. 1978ರಲ್ಲಿ ಕೆನಡಾದ ಕೆನ್ ಹಿಲ್ ಮತ್ತು ಜೊತೆಗಾರರು ಫೈಬರ್ ಒಳಗೆ ಲೇಸರ್ ಬಿಟ್ಟು ಇಂಥ ಗ್ರೇಟಿಂಗ್ ತಾನಾಗಿ ಮೂಡುವುದನ್ನು ಕಂಡರು. ಆದರೆ ಅದು ಬರೆದ ಬೆಳಕಿನ ತರಂಗಾಂತರಕ್ಕೇ ಕೆಲಸ ಮಾಡುತ್ತಿತ್ತು. 1989ರಲ್ಲಿ ಮೆಲ್ಟ್ಸ್, ಮೋರಿ, ಗ್ಲೆನ್ ಮೂವರು ಪಕ್ಕದಿಂದ ಎರಡು ಅಲ್ಟ್ರಾವಯೊಲೆಟ್ ಕಿರಣ ಹಾಯಿಸಿ ಬರೆದರು. ಆಮೇಲೆ ಬೇಕಾದ ತರಂಗಾಂತರಕ್ಕೆ ಬರೆಯುವುದು ಸಾಧ್ಯವಾಯಿತು.

ಪ್ರ: ನಮ್ಮ ಪಾಲಿಟೆಕ್ನಿಕ್‌ನಲ್ಲಿ ಒಂದು ಬಿಡಿ ಗ್ರೇಟಿಂಗ್, ಒಂದು ಹಳೆಯ ಸ್ಪೆಕ್ಟ್ರಮ್ ಅನಲೈಜರ್, ಒಂದು ಅಗಲ ಬ್ಯಾಂಡಿನ ಬೆಳಕಿನ ಮೂಲ ಇದೆ. ಬೇರೆ ದುಡ್ಡಿಲ್ಲ. ಟ್ಯೂನಿಂಗ್ ತೋರಿಸಬಹುದೇ?
– ಉಪನ್ಯಾಸಕರು, ಬಾಗಲಕೋಟೆ

ಉ: ತೋರಿಸಬಹುದು, ಅದೂ ಚೆನ್ನಾಗಿ ತೋರಿಸಬಹುದು. ತಕ್ಕಡಿಯ ತೂಕದ ಕಲ್ಲು ಸಾಕು.

ಫೈಬರನ್ನು ನೇರ ಕೆಳಗೆ ಇಳಿಬಿಡಿ. ಮೇಲಿನ ತುದಿಯನ್ನು ಒಂದು ನುಣುಪಾದ ದುಂಡು ಕೊಳವೆಗೆ ಕೆಲವು ಸುತ್ತು ಸುತ್ತಿ ಟೇಪ್ ಹಾಕಿ. ಕೆಳಗಿನದ್ದನ್ನೂ ಅದೇ ರೀತಿ ಇನ್ನೊಂದು ಕೊಳವೆಗೆ ಸುತ್ತಿ ಅದಕ್ಕೆ ತೂಕ ಕಟ್ಟಿ. ಗಂಟು ಹಾಕಬೇಡಿ, ಕ್ಲಿಪ್ಪಿನಿಂದ ಕಚ್ಚಿಸಬೇಡಿ, ಕಚ್ಚಿದ ಜಾಗದಲ್ಲೇ ಮುರಿಯುತ್ತದೆ. ಕೊಳವೆ 5 ಸೆಂಟಿಮೀಟರಿಗಿಂತ ದಪ್ಪವಿರಲಿ, ಇಲ್ಲದಿದ್ದರೆ ಬಾಗಿದ ಕಡೆ ಬೆಳಕು ಸೋರಿಹೋಗುತ್ತದೆ.

ಈಗ ಲೆಕ್ಕ. ಫೈಬರ್ ವ್ಯಾಸ 125 ಮೈಕ್ರಾನ್. ಸಿಲಿಕಾದ ಯಂಗ್ ಗುಣಾಂಕ (ಎಳೆತಕ್ಕೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಅನ್ನುವ ಅಳತೆ) ಸುಮಾರು 70 ಗಿಗಾಪಾಸ್ಕಲ್. 100 ಗ್ರಾಂ ತೂಗಿಸಿದರೆ ಫೈಬರ್ ಶೇ. 0.11ರಷ್ಟು ಹಿಗ್ಗುತ್ತದೆ, ಅಂದರೆ 1,100 ಮೈಕ್ರೋಸ್ಟ್ರೇನ್ ಆಸುಪಾಸು (ಹತ್ತು ಲಕ್ಷದಲ್ಲಿ ಒಂದು ಭಾಗ ಹಿಗ್ಗಿದರೆ ಒಂದು ಮೈಕ್ರೋಸ್ಟ್ರೇನ್). 1550ರ ಗ್ರೇಟಿಂಗ್ ಒಂದು ಮೈಕ್ರೋಸ್ಟ್ರೇನ್‌ಗೆ 1.2 ಪಿಕೋಮೀಟರ್ (ಸಾವಿರ ಪಿಕೋಮೀಟರ್ ಅಂದರೆ ಒಂದು ನ್ಯಾನೋಮೀಟರ್) ಸರಿಯುತ್ತದೆ. ಹಾಗಾದರೆ 100 ಗ್ರಾಂಗೆ 1.3 ನ್ಯಾನೋಮೀಟರ್! ಹಳೆಯ ಅನಲೈಜರ್‌ನಲ್ಲೂ ಕುಣಿ (ಗ್ರೇಟಿಂಗ್ ವಾಪಸ್ ಕಳಿಸಿದ ಬಣ್ಣದ ಜಾಗದಲ್ಲಿ ಕಾಣುವ ತಗ್ಗು) ಪಕ್ಕಕ್ಕೆ ಜರುಗುವುದು ಕಣ್ಣಿಗೆ ಕಾಣುತ್ತದೆ. 50, 100, 150, 200 ಗ್ರಾಂ ಇಟ್ಟು ಗ್ರಾಫ್ ಎಳೆಯಿರಿ, ನೇರ ಗೆರೆ ಬರುತ್ತದೆ. ಆ ಗೆರೆಯ ಓರೆಯಿಂದ ವಿದ್ಯಾರ್ಥಿಗಳು ಯಂಗ್ ಗುಣಾಂಕ ಲೆಕ್ಕ ಹಾಕಲಿ. ಪ್ರಾಕ್ಟಿಕಲ್ ಪುಸ್ತಕದಲ್ಲಿ ತಂತಿ ಹಿಡಿದು ಮಾಡುವ ಅದೇ ಹಳೆಯ ಪ್ರಯೋಗ ಇದು, ಆದರೆ ಹುಡುಗರಿಗೆ ಇದು ಬೇಗ ಹಿಡಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಕ್ಲಾಸಿನಲ್ಲಿ ಕೇಳಿ ನೋಡಿ. ಶೇ. 1 ಹಿಗ್ಗಿದರೆ 1550ರ ಶೇ. 1 ಅಂದರೆ 15.5 ನ್ಯಾನೋಮೀಟರ್ ಸರಿಯಬೇಕಿತ್ತು. ಆದರೆ ಸಿಗುವುದು ಸುಮಾರು 12. ಉಳಿದದ್ದು ಎಲ್ಲಿ ಹೋಯಿತು? ಎಳೆದಾಗ ಗಾಜಿನ ಸೂಚ್ಯಂಕ ಇಳಿಯುತ್ತದೆ, ಅದು ಶೇ. 22ರಷ್ಟನ್ನು ವಾಪಸ್ ಕಿತ್ತುಕೊಳ್ಳುತ್ತದೆ. ಪಟ್ಟೆಗಳ ಅಂತರ ಒಂದು ಕಡೆ, ಸೂಚ್ಯಂಕ ಇನ್ನೊಂದು ಕಡೆ ಜಗ್ಗುತ್ತಿರುತ್ತವೆ.

ಎಷ್ಟು ತೂಕದವರೆಗೆ ಹೋಗಬಹುದು? ಫೈಬರ್ ತಯಾರಿಸುವಾಗಲೇ ಅದನ್ನು ಶೇ. 1ರಷ್ಟು ಹಿಗ್ಗುವ ಹಾಗೆ ಎಳೆದು ಪರೀಕ್ಷಿಸಿರುತ್ತಾರೆ, ಅದು ಸುಮಾರು 900 ಗ್ರಾಂ ಎಳೆತ. ಆದರೆ ಅದು ಹೊಸ, ಹೊದಿಕೆ ಇರುವ ಫೈಬರಿನ ಮಾತು. ಗ್ರೇಟಿಂಗ್ ಬರೆಯಲು ಹೊದಿಕೆ ಸುಲಿದಿರುತ್ತಾರೆ, ಸುಲಿಯುವಾಗ ಗಾಜಿನ ಮೇಲೆ ಕಣ್ಣಿಗೆ ಕಾಣದ ಗೀರು ಬಿದ್ದಿರುತ್ತದೆ, ಆ ಗೀರೇ ಮುಂದೆ ಬಿರುಕಾಗುತ್ತದೆ. ಹಾಗಾಗಿ 300 ಗ್ರಾಂ ದಾಟಬೇಡಿ. ಕನ್ನಡಕ ಹಾಕಿಕೊಳ್ಳಿ, ಮುರಿದ ತುಂಡನ್ನು ಬರಿಗೈಯಲ್ಲಿ ಹುಡುಕಬೇಡಿ, ಟೇಪಿನಿಂದ ಎತ್ತಿ. 1550ರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ತುದಿಗೆ ಇಣುಕಿ ನೋಡುವ ಚಪಲ ಬೇಡ.

ಮತ್ತೆ, ಪ್ರಯೋಗ ಮಾಡುವಾಗ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಯಾಕೆ ಅಂತ ವಿಜಯಪುರದ ಪ್ರಶ್ನೆಯಲ್ಲಿ ಹೇಳುತ್ತೇನೆ.

ಪ್ರ: ಟ್ಯೂನಬಲ್ ಫೈಬರ್ ಲೇಸರ್‌ಗೆ 30 ನ್ಯಾನೋಮೀಟರ್ ವ್ಯಾಪ್ತಿ ಬೇಕು. ಎಳೆದು ಎಳೆದು ಎರಡು ಗ್ರೇಟಿಂಗ್ ಮುರಿದವು. ಬೇರೆ ದಾರಿ ಇದೆಯೇ?
– ಸಂಶೋಧನಾ ವಿದ್ಯಾರ್ಥಿ, ಬೆಳಗಾವಿ

ಉ: ಎಳೆದು 30 ಸಿಗುವುದಿಲ್ಲ, ಆ ಆಸೆ ಬಿಡಿ. 30 ನ್ಯಾನೋಮೀಟರಿಗೆ ಶೇ. 2.5 ಹಿಗ್ಗಬೇಕು. ಹೊದಿಕೆಯನ್ನು ರಾಸಾಯನಿಕದಿಂದ ನಾಜೂಕಾಗಿ ತೆಗೆದು ಬರೆದ ಗ್ರೇಟಿಂಗ್ ಒಂದೆರಡು ಸಲ ತಡೆದುಕೊಳ್ಳಬಹುದು, ದಿನಾ ತಡೆಯುವುದಿಲ್ಲ. ದೀರ್ಘಕಾಲಕ್ಕೆ ಅಂದರೆ ಪರೀಕ್ಷೆಯ ಎಳೆತದ ಐದನೇ ಒಂದು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಅಂದರೆ 2–4 ನ್ಯಾನೋಮೀಟರ್, ಅಷ್ಟೇ.

ಒತ್ತಿ. ಎಳೆತಕ್ಕೆ ಸಿಲಿಕಾ ಎಷ್ಟು ಹೆದರುತ್ತದೋ ಒತ್ತಡಕ್ಕೆ ಅಷ್ಟು ಹೆದರುವುದಿಲ್ಲ. ಒತ್ತಡ ತಡೆಯುವ ಶಕ್ತಿ ಎಳೆತ ತಡೆಯುವುದಕ್ಕಿಂತ ಸುಮಾರು 20 ಪಟ್ಟು ಹೆಚ್ಚು ಅಂತ ಈ ಕ್ಷೇತ್ರದವರು ಲೆಕ್ಕ ಹಿಡಿಯುತ್ತಾರೆ. ಕಾರಣವೂ ಸರಳ. ಎಳೆದಾಗ ಗೀರು ಬಾಯಿ ಬಿಡುತ್ತದೆ, ಒತ್ತಿದಾಗ ಮುಚ್ಚಿಕೊಳ್ಳುತ್ತದೆ. 1994ರಲ್ಲೇ ಬಾಲ್ ಮತ್ತು ಮೋರಿ ಇಬ್ಬರು ಈ ದಾರಿಯಲ್ಲಿ ಫೈಬರ್ ಲೇಸರನ್ನು 32 ನ್ಯಾನೋಮೀಟರ್ ಸರಿಸಿ ತೋರಿಸಿದ್ದರು. ನಿಮಗೆ ಬೇಕಾದದ್ದೂ ಅಷ್ಟೇ ತಾನೆ. 2003ರಲ್ಲಿ ಸೌತಾಂಪ್ಟನ್‌ನ ಸಂಶೋಧಕರಿದ್ದ ತಂಡ ಒತ್ತುವ ದಾರಿಯಲ್ಲೇ 110 ನ್ಯಾನೋಮೀಟರ್ ಮುಟ್ಟಿತು.

ತೊಂದರೆ ಬೇರೆ ಕಡೆ ಇದೆ. ಇಷ್ಟು ಸಪೂರ ಫೈಬರನ್ನು ಎರಡು ತುದಿಯಿಂದ ಒತ್ತಿದರೆ ಅದು ಕುಗ್ಗುವ ಮೊದಲೇ ಬಿಲ್ಲಿನ ಹಾಗೆ ಬಾಗಿಬಿಡುತ್ತದೆ. ಒಂದು ಸೆಂಟಿಮೀಟರ್ ಬಿಡಿ ಫೈಬರ್ ಬಾಗಲು, ತುದಿಗಳು ಸಡಿಲವಿದ್ದರೆ, 10 ಗ್ರಾಂ ಒತ್ತಡವೂ ಬೇಡ. ತುದಿ ಬಿಗಿ ಹಿಡಿದರೂ 35 ಗ್ರಾಂ ಸುಮಾರಿಗೆ ಸೋಲುತ್ತದೆ. ಅಷ್ಟರಲ್ಲಿ ಅರ್ಧ ನ್ಯಾನೋಮೀಟರ್ ಕೂಡ ಸರಿದಿರುವುದಿಲ್ಲ. ಹಾಗಾಗಿ ಫೈಬರಿಗೆ ಸುತ್ತಲೂ ಆಸರೆ ಬೇಕು. ಒಂದು ದಾರಿ ಎಂದರೆ ಕನೆಕ್ಟರ್‌ಗಳಲ್ಲಿ ಬಳಸುವ ಸೆರಾಮಿಕ್ ಫೆರೂಲ್‌ಗಳ (ಸಪೂರ ತೂತಿರುವ ಸಣ್ಣ ಕೊಳವೆಗಳ) ಒಳಗೆ ಫೈಬರ್ ಕೂರಿಸಿ, ಒಂದು ಫೆರೂಲನ್ನು ಗಟ್ಟಿ ಹಿಡಿದು ಇನ್ನೊಂದನ್ನು ಮೋಟಾರಿನಿಂದ ತಳ್ಳುವುದು. ನಡುವಿನ ಖಾಲಿ ಜಾಗ ಮಿಲಿಮೀಟರಿನ ಲೆಕ್ಕದಲ್ಲಿರಬೇಕು. ಕೆಲಸ ಮಾಡುತ್ತದೆ, ಆದರೆ ಜೋಡಿಸುವುದು ನಿಜಕ್ಕೂ ತಲೆನೋವು. ತುಸು ಓರೆಯಾದರೂ ಫೆರೂಲ್ ಅಂಚಿನಲ್ಲೇ ಟಿಕ್ ಅನ್ನುತ್ತದೆ.

ನನ್ನ ಸಲಹೆ ಇನ್ನೊಂದು ದಾರಿ, ಬಾಗುವ ಪಟ್ಟಿ. ಗ್ರೇಟಿಂಗನ್ನು ಒಂದು ಸ್ಪ್ರಿಂಗ್ ಸ್ಟೀಲ್ ಪಟ್ಟಿಯ ಮೇಲ್ಮೈಗೆ ಉದ್ದಕ್ಕೂ ಅಂಟಿಸಿ ಪಟ್ಟಿಯನ್ನು ಬಾಗಿಸುವುದು. ಕಬ್ಬನ್ನು ಮೊಣಕಾಲಿಗೊತ್ತಿ ಮುರಿಯುವಾಗ ನೋಡಿದ್ದೀರಲ್ಲ, ಹೊರಮೈ ಜಗ್ಗಿ ಬಿರಿಯುತ್ತದೆ, ಒಳಮೈ ಒತ್ತಿಕೊಳ್ಳುತ್ತದೆ, ನಡುವೆ ಎಲ್ಲೋ ಒಂದು ಕಡೆ ಏನೂ ಆಗುವುದಿಲ್ಲ. ಆ ನಡುಗೆರೆಯಿಂದ ಗ್ರೇಟಿಂಗ್ ಎಷ್ಟು ದೂರ ಇದೆ, ಪಟ್ಟಿ ಎಷ್ಟು ಬಾಗಿದೆ, ಇವೆರಡೇ ಲೆಕ್ಕ. ದೂರವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಸ್ಟ್ರೇನ್ ಸಿಗುತ್ತದೆ. 2 ಮಿಲಿಮೀಟರ್ ದೂರ, 40 ಸೆಂಟಿಮೀಟರ್ ತ್ರಿಜ್ಯ ಅಂದರೆ ಶೇ. 0.5, ಅಂದರೆ 6 ನ್ಯಾನೋಮೀಟರ್. ಒಂದು ಕಡೆ ಬಾಗಿಸಿದರೆ ತರಂಗಾಂತರ ಮೇಲೆ, ಇನ್ನೊಂದು ಕಡೆ ಬಾಗಿಸಿದರೆ ಕೆಳಗೆ. ಜಾಸ್ತಿ ವ್ಯಾಪ್ತಿ ಬೇಕೆಂದರೆ ಫೈಬರನ್ನು ಪಟ್ಟಿಯ ಮೈಗೇ ಅಂಟಿಸುವ ಬದಲು, ಪಟ್ಟಿಯ ಮೇಲೆ ಕೂರಿಸಿದ ದಪ್ಪ ಪ್ಲಾಸ್ಟಿಕ್ ಪದರದೊಳಗೆ ಹುದುಗಿಸುತ್ತಾರೆ, ಆಗ ನಡುಗೆರೆಯಿಂದ ದೂರವೂ ಜಾಸ್ತಿ, ಸುತ್ತಲೂ ಆಸರೆಯೂ ಸಿಕ್ಕಂತೆ. ನಿಮ್ಮ 30 ಈ ದಾರಿಯಲ್ಲಿದೆ. ಬಹುಪಾಲು ಒತ್ತುವ ಕಡೆಗೇ ಇರಲಿ, ಎಳೆಯುವ ಕಡೆ 3ಕ್ಕಿಂತ ಹೆಚ್ಚು ಹೋಗಬೇಡಿ.

ಇದರಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಒಂದು ತುದಿ ಹಿಡಿದು ಇನ್ನೊಂದು ತುದಿ ಒತ್ತುವ ಸಾದಾ ಆಯತಾಕಾರದ ಪಟ್ಟಿಯಲ್ಲಿ ಬಾಗು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬುಡದಲ್ಲಿ ಜಾಸ್ತಿ, ತುದಿಯಲ್ಲಿ ಸೊನ್ನೆ. ಆಗ ಗ್ರೇಟಿಂಗ್‌ನ ಒಂದು ತುದಿ ಒಂದು ತರಂಗಾಂತರಕ್ಕೆ, ಇನ್ನೊಂದು ತುದಿ ಬೇರೆಯದಕ್ಕೆ ಸರಿದು, ವಾಪಸ್ ಬರುವ ಬೆಳಕಿನ ಶಿಖರ ಹಿಂಜಿಕೊಂಡು ಅಗಲವಾಗುತ್ತದೆ. ಇದಕ್ಕೆ ಚರ್ಪ್ ಅಂತಾರೆ. ಲೇಸರಿಗೆ ಇದು ಬೇಡ. ಪರಿಹಾರ ಹಳೆಯದು, ಸುಲಭದ್ದು: ಪಟ್ಟಿಯನ್ನು ತ್ರಿಕೋನವಾಗಿ ಕತ್ತರಿಸಿ, ಅಗಲದ ಕಡೆ ಬಿಗಿದು ಚೂಪು ತುದಿಯನ್ನು ಒತ್ತಿ. ಆಗ ಉದ್ದಕ್ಕೂ ಸ್ಟ್ರೇನ್ ಒಂದೇ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಪಂಪಿನ ಬಿಡಿಭಾಗ, ಎರಕದ ಕೆಲಸ ಮಾಡುವ ವರ್ಕ್‌ಶಾಪ್‌ಗಳು ಸಾಲಾಗಿವೆ. ಚಿತ್ರ ಬಿಡಿಸಿಕೊಂಡು ಹೋದರೆ ಇಂಥ ಪಟ್ಟಿ ಕತ್ತರಿಸಿಕೊಡುವುದು ಅವರಿಗೆ ಯಾವ ಲೆಕ್ಕ? ಆಮದು ಸ್ಟೇಜಿಗೆ (ಸೂಕ್ಷ್ಮವಾಗಿ ಸರಿಸುವ ಯಂತ್ರಕ್ಕೆ) ದುಡ್ಡು ಸುರಿಯುವ ಮೊದಲು ಅಲ್ಲಿ ಒಮ್ಮೆ ವಿಚಾರಿಸಿ. ತಳ್ಳಲು ಒಂದು ಮೈಕ್ರೋಮೀಟರ್ ಸ್ಕ್ರೂ ಸಾಕು.

ಚರ್ಪ್ ಬೇಕು ಅನ್ನುವವರೂ ಇದ್ದಾರೆ ಅನ್ನುವುದು ಬೇರೆ ಮಾತು. ಸಾದಾ ಫೈಬರ್‌ನಲ್ಲಿ 1550ರ ಬೆಳಕು ಒಂದು ಕಿಲೋಮೀಟರಿಗೆ, ಒಂದು ನ್ಯಾನೋಮೀಟರ್ ಅಗಲಕ್ಕೆ, 17 ಪಿಕೋಸೆಕೆಂಡ್ ಹರಡಿಕೊಳ್ಳುತ್ತದೆ. 80 ಕಿಲೋಮೀಟರಿಗೆ ಅದು 1,360 ಆಗುತ್ತದೆ. ಚರ್ಪ್ ಇರುವ ಗ್ರೇಟಿಂಗ್ ಬೇರೆ ಬೇರೆ ಬಣ್ಣವನ್ನು ಬೇರೆ ಬೇರೆ ಆಳದಿಂದ ವಾಪಸ್ ಕಳಿಸಿ ಈ ಹರಡನ್ನು ಮತ್ತೆ ಕೂಡಿಸುತ್ತದೆ. ಪಟ್ಟಿಯನ್ನು ಅರ್ಧ ಆ ಕಡೆ, ಅರ್ಧ ಈ ಕಡೆ ಬಾಗಿಸಿದರೆ ನಡು ತರಂಗಾಂತರ ಜಾಗ ಬಿಡದೆ ಚರ್ಪ್ ಮಾತ್ರ ಹೆಚ್ಚು ಕಡಿಮೆ ಆಗುತ್ತದೆ. ಜಾಣ ಉಪಾಯ.

ಪ್ರ: ಗ್ರೇಟಿಂಗ್ ಟ್ಯೂನ್ ಮಾಡಿಸಿದರೆ ನಮ್ಮ ಮನೆಯ ಫೈಬರ್ ಇಂಟರ್ನೆಟ್ ಸ್ಪೀಡ್ ಜಾಸ್ತಿ ಆಗುತ್ತದಾ?
– ಜಮಖಂಡಿಯ ಓದುಗ

ಉ: ಇಲ್ಲ. ಮನೆಗೆ ಬರುವ ಸಾಮಾನ್ಯ ಸಂಪರ್ಕ 1490ರಲ್ಲಿ ಡೇಟಾ ತರುತ್ತದೆ, 1310ರಲ್ಲಿ ಒಯ್ಯುತ್ತದೆ. ಕೆಲವು ಜಾಲಗಳಲ್ಲಿ ಮನೆಯ ಕಡೆಯ ತುದಿಗೆ 1650 ಆಸುಪಾಸಿನ ಚಿಕ್ಕ ಗ್ರೇಟಿಂಗ್ ಕೂರಿಸುತ್ತಾರೆ. ಅದು ಕನ್ನಡಿ ಮಾತ್ರ, ಕಚೇರಿಯಿಂದ ಪರೀಕ್ಷೆಯ ಬೆಳಕು ಬಿಟ್ಟಾಗ ಲೈನ್ ಎಲ್ಲಿವರೆಗೆ ಸರಿ ಇದೆ ಅಂತ ತಿಳಿಯಲು. ಸ್ಪೀಡ್‌ಗೆ ಪ್ಲ್ಯಾನ್ ಬದಲಿಸಿ.

ಪ್ರ: ಎಳೆಯುವುದು, ಒತ್ತುವುದು ಎಲ್ಲ ಯಾಕೆ? ಸುಮ್ನೆ ಕಾಯಿಸಿದರೆ ಆಗಲ್ವಾ? ನಮ್ಮ ಊರಲ್ಲಿ ಬಿಸಿಲಿಗೇನು ಕಮ್ಮಿ!
– ಕೇಬಲ್ ತಂತ್ರಜ್ಞ, ವಿಜಯಪುರ

ಉ: ನಿಮ್ಮ ತಮಾಷೆಯಲ್ಲೇ ಅಸಲು ವಿಷಯ ಇದೆ. ಬಿಸಿಲು ನೀವು ಕೇಳದೆಯೇ ಟ್ಯೂನ್ ಮಾಡುತ್ತದೆ.

1550ರ ಬಿಡಿ ಗ್ರೇಟಿಂಗ್ ಒಂದು ಡಿಗ್ರಿಗೆ 10 ಪಿಕೋಮೀಟರಿಗಿಂತ ತುಸು ಹೆಚ್ಚು ಸರಿಯುತ್ತದೆ. 100 ಡಿಗ್ರಿ ಕಾಯಿಸಿದರೂ ಸಿಗುವುದು ಒಂದು ನ್ಯಾನೋಮೀಟರ್ ಚಿಲ್ಲರೆ. ಟ್ಯೂನಿಂಗ್ ಅಂತ ನೋಡಿದರೆ ಇದು ಬಡ ವ್ಯಾಪ್ತಿ, ಮೇಲಾಗಿ ನಿಧಾನ. ಆದರೆ ತೊಂದರೆ ಅಂತ ನೋಡಿದರೆ ಬಲು ದೊಡ್ಡದು. ಚಳಿಗಾಲದ ಬೆಳಗಿನ 15 ಡಿಗ್ರಿಯಿಂದ ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿರುವ ಲೋಹದ ಡಬ್ಬಿಯ ಒಳಗಿನ 60 ಡಿಗ್ರಿ ತನಕ ಅಂತ ಇಟ್ಟುಕೊಳ್ಳಿ. 45 ಡಿಗ್ರಿಗೆ ಅರ್ಧ ನ್ಯಾನೋಮೀಟರ್. ಒಂದೇ ಫೈಬರಿನಲ್ಲಿ ಹಲವು ಬಣ್ಣ ಕಳಿಸುವ ಜಾಲಗಳಲ್ಲಿ ಚಾನೆಲ್‌ನಿಂದ ಚಾನೆಲ್‌ಗೆ 0.8 ನ್ಯಾನೋಮೀಟರ್, ಇನ್ನೂ ಒತ್ತೊತ್ತಾಗಿದ್ದರೆ 0.4. ಅಂದರೆ ಚಳಿಯಲ್ಲಿ ಒಂದು ಚಾನೆಲ್ ಹಿಡಿಯುತ್ತಿದ್ದ ಗ್ರೇಟಿಂಗ್ ಬೇಸಿಗೆಯಲ್ಲಿ ಪಕ್ಕದ ಚಾನೆಲ್‌ನ ಬಾಗಿಲಿಗೆ ಹೋಗಿ ನಿಂತಿರುತ್ತದೆ. ಬಾಗಲಕೋಟೆಯವರಿಗೆ ಫ್ಯಾನ್ ಆರಿಸಿ ಅಂದದ್ದೂ ಇದಕ್ಕೇ.

ಇದಕ್ಕೆ ಮದ್ದು ಅಥರ್ಮಲ್ ಪ್ಯಾಕೇಜ್. ಫೈಬರನ್ನು ಮೊದಲೇ ತುಸು ಎಳೆದು, ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳ ಚೌಕಟ್ಟಿಗೆ ಬಿಗಿಯುತ್ತಾರೆ. ಶಾಖ ಏರಿದ ಹಾಗೆ ಚೌಕಟ್ಟು ಎಳೆತವನ್ನು ಸಡಿಲ ಮಾಡುತ್ತಾ ಹೋಗುತ್ತದೆ. ಶಾಖ ತರಂಗಾಂತರವನ್ನು ಮೇಲೆ ತಳ್ಳಿದರೆ ಸಡಿಲವಾದ ಎಳೆತ ಅಷ್ಟನ್ನೇ ಕೆಳಗೆ ಎಳೆಯುತ್ತದೆ. ಕಾಯಿಸಿದರೆ ಹಿಗ್ಗುವ ಬದಲು ಕುಗ್ಗುವ ವಿಶೇಷ ಸೆರಾಮಿಕ್ ಮೇಲೆ ಅಂಟಿಸುವುದೂ ಉಂಟು. ಚೆನ್ನಾಗಿ ಮಾಡಿದರೆ ಡಿಗ್ರಿಗೆ 1 ಪಿಕೋಮೀಟರಿಗಿಂತ ಕಡಿಮೆಗೆ ಇಳಿಯುತ್ತದೆ. ಗ್ರೇಟಿಂಗ್ ಬಳಸಿ ಉಪಕರಣ ಮಾಡುವವರ ಅರ್ಧ ಬುದ್ಧಿ, ನನ್ನ ಪ್ರಕಾರ ಅರ್ಧಕ್ಕೂ ಜಾಸ್ತಿ, ಗ್ರೇಟಿಂಗ್ ತನ್ನಷ್ಟಕ್ಕೆ ಸರಿಯದ ಹಾಗೆ ನೋಡಿಕೊಳ್ಳುವುದಕ್ಕೇ ಖರ್ಚಾಗುತ್ತದೆ.

ಹಾಗಂತ ಕಾಯಿಸುವುದು ದಂಡ ಅಲ್ಲ. ವ್ಯಾಪ್ತಿ ಚಿಕ್ಕದಿದ್ದು, ಒಂದು ಕಡೆ ಅಲುಗದೆ ನಿಲ್ಲಬೇಕು ಅನ್ನುವಾಗ ಅದಕ್ಕಿಂತ ಒಳ್ಳೆಯದಿಲ್ಲ. ಸವೆಯುವ ಭಾಗಗಳಿಲ್ಲ, ಮುರಿಯುವ ಭಯವಿಲ್ಲ, ಶಿಖರದ ಆಕಾರ ಕೆಡುವುದಿಲ್ಲ. ಪೆಲ್ಟಿಯರ್ ಬಿಲ್ಲೆ ಇಟ್ಟರೆ ಕಾಯಿಸಬಹುದು, ತಣಿಸಲೂಬಹುದು. ವ್ಯಾಪ್ತಿ ಹಿಗ್ಗಿಸಲು ಗ್ರೇಟಿಂಗನ್ನು ಅಲ್ಯುಮಿನಿಯಂ ಪಟ್ಟಿಗೆ ಅಂಟಿಸಿ. ಅಲ್ಯುಮಿನಿಯಂ ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಭಾಗ ಹಿಗ್ಗುತ್ತದೆ, ಹಿಗ್ಗುವಾಗ ಫೈಬರನ್ನೂ ಜೊತೆಗೆ ಜಗ್ಗುತ್ತದೆ. ಡಿಗ್ರಿಗೆ 10 ಇದ್ದದ್ದು 38 ಪಿಕೋಮೀಟರ್ ಆಸುಪಾಸು ಆಗುತ್ತದೆ. ವೇಗ ಬೇಕೆನ್ನುವವರು ಫೈಬರಿನ ಮೈಮೇಲೇ ತೆಳು ಲೋಹ ಲೇಪಿಸಿ ಅದರಲ್ಲಿ ಕರೆಂಟ್ ಹರಿಸುತ್ತಾರೆ. ಆಗ ಕಾಯಬೇಕಾದದ್ದು ಫೈಬರ್ ಒಂದೇ ತಾನೆ, ಬೇಗ ಕಾಯುತ್ತದೆ.

ಪ್ರ: ಅತಿ ವೇಗದ ಟ್ಯೂನಿಂಗ್‌ಗೆ ಪೀಜೋ ಒಳ್ಳೆಯದಾ?
– ವಿದ್ಯಾರ್ಥಿ, ಗೋಕಾಕ

ಉ: ಪೀಜೋ ಅಂದರೆ ವೋಲ್ಟೇಜ್ ಕೊಟ್ಟರೆ ಹಿಗ್ಗುವ ಸೆರಾಮಿಕ್. ವೇಗಕ್ಕೆ ಒಳ್ಳೆಯದು. ಸೆಕೆಂಡಿಗೆ ಸಾವಿರ ಸಲ ಸುಲಭವಾಗಿ ಆಡುತ್ತದೆ. ಆದರೆ 100–150 ವೋಲ್ಟ್ ಕೊಟ್ಟರೂ ಪದರ ಪದರದ ಪೀಜೋ ಸ್ಟ್ಯಾಕ್ ಹಿಗ್ಗುವುದು ತನ್ನ ಉದ್ದದ ಶೇ. 0.1. ಅದರ ಮೈಗೆ ನೇರ ಅಂಟಿಸಿದರೆ 1.2 ನ್ಯಾನೋಮೀಟರ್ ಸಿಕ್ಕಿತು, ಮುಗಿಯಿತು. ಒಂದು ಉಪಾಯ ಇದೆ: ಸ್ಟ್ಯಾಕ್ ಉದ್ದ ಇರಲಿ, ಜಗ್ಗುವ ಫೈಬರ್ ತುಂಡು ಗಿಡ್ಡ ಇರಲಿ. 20 ಮಿಲಿಮೀಟರ್ ಸ್ಟ್ಯಾಕ್ 20 ಮೈಕ್ರಾನ್ ಚಾಚುತ್ತದೆ, ಅದನ್ನು 10 ಮಿಲಿಮೀಟರ್ ಫೈಬರಿಗೆ ಹಾಕಿದರೆ ಶೇ. 0.2 ಆಗಿ ವ್ಯಾಪ್ತಿ ಎರಡರಷ್ಟಾಗುತ್ತದೆ. ಮೇಲೆ ಹೋಗುವಾಗಿನ ವೋಲ್ಟೇಜಿಗೂ ಕೆಳಗೆ ಬರುವಾಗಿನ ವೋಲ್ಟೇಜಿಗೂ ಒಂದೇ ತರಂಗಾಂತರ ಸಿಗುವುದಿಲ್ಲ, ವ್ಯತ್ಯಾಸ ಶೇ. 10–15ರ ತನಕ ಇರುತ್ತದೆ. ಹಾಗಾಗಿ ವೋಲ್ಟೇಜ್ ನಂಬಬೇಡಿ, ತರಂಗಾಂತರವನ್ನೇ ಅಳೆದು ವಾಪಸ್ ತಿದ್ದುವ ಸರ್ಕ್ಯೂಟ್ ಇಡಿ.

ಪ್ರ: ಗೋಳಗುಮ್ಮಟದಂಥ ಹಳೆಯ ಕಟ್ಟಡದ ಬಿರುಕು ಅಗಲವಾಗುತ್ತಿದೆಯೇ ಅಂತ ಗ್ರೇಟಿಂಗ್‌ನಿಂದ ತಿಳಿಯಬಹುದೇ? ಇದೂ ಟ್ಯೂನಿಂಗ್ ತಾನೆ?
– ಸಿವಿಲ್ ವಿದ್ಯಾರ್ಥಿಗಳು, ವಿಜಯಪುರ

ಉ: ಹೌದು, ಅದೇ ಟ್ಯೂನಿಂಗ್, ತಿರುವುಮುರುವಾಗಿ. ಇಲ್ಲಿ ಸರಿಸುವವರು ನೀವಲ್ಲ, ಗೋಡೆ. ಸರಿದದ್ದನ್ನು ಅಳೆಯುವುದಷ್ಟೇ ನಿಮ್ಮ ಕೆಲಸ.

ಮೊದಲು ಒಂದು ಎಚ್ಚರಿಕೆ. ಗೋಳಗುಮ್ಮಟ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಅನುಮತಿ ಇಲ್ಲದೆ ಅದರ ಗೋಡೆಗೆ ಒಂದು ಹನಿ ಅಂಟೂ ಹಚ್ಚುವಂತಿಲ್ಲ. ಪ್ರಾಜೆಕ್ಟ್ ಮಾಡುವುದಾದರೆ ನಿಮ್ಮ ಕಾಲೇಜಿನದ್ದೇ ಒಂದು ಬಿರುಕು ಬಿಟ್ಟ ಗೋಡೆ ಹುಡುಕಿ. ಸಿಗದೆ ಇರುವುದಿಲ್ಲ.

ಬಿರುಕಿನ ಎರಡೂ ಕಡೆ, 20 ಸೆಂಟಿಮೀಟರ್ ಅಂತರದಲ್ಲಿ ಫೈಬರನ್ನು ಬಿಗಿದಿರಿ ಅನ್ನಿ. ಬಿರುಕು 10 ಮೈಕ್ರಾನ್ ಅಗಲವಾದರೆ ಸ್ಟ್ರೇನ್ 50 ಮೈಕ್ರೋಸ್ಟ್ರೇನ್, ತರಂಗಾಂತರ ಸರಿಯುವುದು 60 ಪಿಕೋಮೀಟರ್. ಅಳೆಯುವ ಯಂತ್ರಕ್ಕೆ ಇದು ದೊಡ್ಡ ಸಂಖ್ಯೆಯೇ. ಆದರೆ ಶಾಖ 6 ಡಿಗ್ರಿ ಏರಿದರೂ ಸರಿಯುವುದು ಅಷ್ಟೇ. ಬೆಳಗ್ಗೆ 7ಕ್ಕೆ ಒಂದು ಓದು, ಮಧ್ಯಾಹ್ನ 2ಕ್ಕೆ ಒಂದು ಓದು ತೆಗೆದು ಗೋಡೆ ಬೀಳುತ್ತಿದೆ ಅಂತ ವರದಿ ಬರೆದುಬಿಟ್ಟೀರಿ, ಹುಷಾರು! ಮೇಲಾಗಿ ಕಲ್ಲು ಗಾರೆಯೂ ಬಿಸಿಲಿಗೆ ಹಿಗ್ಗಿ ಫೈಬರನ್ನು ಜಗ್ಗುತ್ತದೆ, ಅದೂ ಇದರಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ಪಕ್ಕದಲ್ಲೇ ಇನ್ನೊಂದು ಗ್ರೇಟಿಂಗನ್ನು ಒಂದು ಕೊಳವೆಯೊಳಗೆ ಸಡಿಲವಾಗಿ ಬಿಡಬೇಕು. ಅದಕ್ಕೆ ಎಳೆತ ಇಲ್ಲ, ಶಾಖ ಮಾತ್ರ ತಟ್ಟುತ್ತದೆ. ಮೊದಲನೆಯದರ ಸರಿತದಿಂದ ಎರಡನೆಯದರ ಸರಿತ ಕಳೆದರೆ ಫೈಬರಿನ ಮೇಲೆ ಶಾಖದ ಪ್ರಭಾವ ಹೋಗಿ ಎಳೆತದ ಲೆಕ್ಕ ಉಳಿಯುತ್ತದೆ. ಗೋಡೆ ದಿನದಲ್ಲಿ ಉಸಿರಾಡುವುದನ್ನು ಕಳೆಯಲು ದಿನಾ ಒಂದೇ ಹೊತ್ತಿಗೆ, ಬೆಳಗಿನ ಜಾವವಾದರೆ ಒಳ್ಳೆಯದು, ಓದು ತೆಗೆದು ತಿಂಗಳುಗಟ್ಟಲೆ ಹೋಲಿಸಿ.

ಇನ್ನು ಈ ಸರಿತವನ್ನು ಅಳೆಯುವ ಯಂತ್ರದ ಮಾತು. ಅಲ್ಲೂ ಒಳಗೆ ಒಂದು ಟ್ಯೂನಬಲ್ ಸಾಧನವೇ ಇರುತ್ತದೆ, ತರಂಗಾಂತರ ಸರಿಸುತ್ತಾ ಹೋಗುವ ಲೇಸರ್ ಅಥವಾ ಫಿಲ್ಟರ್. ಬೆಲೆ ನೋಡಿ ಗಾಬರಿಯಾದರೆ ಬಡವರ ದಾರಿ ಇದು: ಗೋಡೆಯ ಮೇಲಿರುವುದಕ್ಕೆ ಸರಿಜೋಡಿಯಾದ ಇನ್ನೊಂದು ಗ್ರೇಟಿಂಗನ್ನು ಲ್ಯಾಬ್‌ನಲ್ಲಿ ಪೀಜೋದಿಂದ ಜಗ್ಗುತ್ತಾ ಹೋಗಿ, ಎರಡೂ ಒಂದಕ್ಕೊಂದು ಕೂಡಿದಾಗ ಡಿಟೆಕ್ಟರ್‌ನಲ್ಲಿ ಬೆಳಕು ಏರುತ್ತದೆ. ಆಗ ಪೀಜೋ ಎಷ್ಟು ಜಗ್ಗಿತ್ತೋ ಗೋಡೆಯೂ ಅಷ್ಟೇ ಜಗ್ಗಿದೆ.

ಪ್ರ: ಸಕ್ಕರೆ ಕಾರ್ಖಾನೆಯಲ್ಲಿ ರಸದ ಬ್ರಿಕ್ಸ್ (ಸಕ್ಕರೆಯ ಶೇಕಡಾ ಪ್ರಮಾಣ) ಅಳೆಯಲು ಗ್ರೇಟಿಂಗನ್ನು ರಸದಲ್ಲಿ ಮುಳುಗಿಸಿದೆವು. ತರಂಗಾಂತರ ಸರಿಯಲೇ ಇಲ್ಲ. ಗ್ರೇಟಿಂಗ್ ಕೆಟ್ಟಿದೆಯೇ?
– ಮುಧೋಳದ ಓದುಗ

ಉ: ಕೆಟ್ಟಿಲ್ಲ. ನೀವು ಮುಳುಗಿಸಿದ್ದು ಬ್ರ್ಯಾಗ್ ಗ್ರೇಟಿಂಗ್, ಅದರ ಬೆಳಕು ಕೋರ್ ಒಳಗೇ ಓಡಾಡುತ್ತದೆ. ಹೊರಗೆ ನೀರಿದೆಯೋ ಕಬ್ಬಿನ ರಸ ಇದೆಯೋ ಅದಕ್ಕೆ ಗೊತ್ತೇ ಆಗುವುದಿಲ್ಲ. ನಿಮಗೆ ಬೇಕಾದದ್ದು ಲಾಂಗ್ ಪೀರಿಯಡ್ ಗ್ರೇಟಿಂಗ್. ಅದರ ಪಟ್ಟೆಗಳ ಅಂತರ ಅರ್ಧ ಮೈಕ್ರಾನ್ ಅಲ್ಲ, ನೂರಾರು ಮೈಕ್ರಾನ್. ಅದು ಬೆಳಕನ್ನು ವಾಪಸ್ ಕಳಿಸುವುದಿಲ್ಲ, ಕೋರ್‌ನಿಂದ ಅದರ ಸುತ್ತಲಿನ ಗಾಜಿನ ಪದರ ಕ್ಲಾಡಿಂಗ್‌ಗೆ ತಳ್ಳುತ್ತದೆ. ಕ್ಲಾಡಿಂಗ್‌ನಲ್ಲಿ ಹೋಗುವ ಬೆಳಕಿಗೆ ಹೊರಗಿನ ದ್ರವ ತಟ್ಟುತ್ತದೆ, ಆದ್ದರಿಂದ ದ್ರವದ ಸೂಚ್ಯಂಕ ಬದಲಾದರೆ ತರಂಗಾಂತರ ಸರಿಯುತ್ತದೆ. 1990ರ ದಶಕದ ನಡುವಿನಿಂದ ಇವು ಬಳಕೆಯಲ್ಲಿವೆ.

ಸಕ್ಕರೆಯ ವಿಷಯದಲ್ಲಿ ಒಂದು ಅನುಕೂಲ ಇದೆ. ನೀರಿನ ಸೂಚ್ಯಂಕ 1.333, 50 ಬ್ರಿಕ್ಸ್ ಪಾಕದ್ದು 1.42. ಗ್ರೇಟಿಂಗ್ ಅತಿ ಚುರುಕಾಗುವುದು ದ್ರವದ ಸೂಚ್ಯಂಕ ಕ್ಲಾಡಿಂಗ್ ಗಾಜಿನ ಸೂಚ್ಯಂಕದ ಹತ್ತಿರ, 1.44ರ ಕಡೆಗೆ, ಬಂದಾಗ. ಅಂದರೆ ತೆಳು ರಸಕ್ಕೆ ಮಂಕು, ಗಟ್ಟಿ ಪಾಕಕ್ಕೆ ಚುರುಕು. ಗಾಜಿನ ಸೂಚ್ಯಂಕಕ್ಕೆ ಸಮವಾದರೆ ಕುಣಿಯೇ ಮಾಯ.

ಆದರೂ ನೇರವಾಗಿ ಹೇಳುತ್ತೇನೆ, ಕಾರ್ಖಾನೆಯಲ್ಲಿ ಈಗಿರುವ ರಿಫ್ರಾಕ್ಟೋಮೀಟರನ್ನು ಇದಕ್ಕಾಗಿ ತೆಗೆದು ಹಾಕಬೇಡಿ. ಲಾಂಗ್ ಪೀರಿಯಡ್ ಗ್ರೇಟಿಂಗ್ ಶಾಖಕ್ಕೆ ಬ್ರ್ಯಾಗ್‌ಗಿಂತ ಜಾಸ್ತಿ ಸರಿಯುತ್ತದೆ, ತುಸು ಬಾಗಿದರೂ ಸರಿಯುತ್ತದೆ, ಮೈಮೇಲೆ ಪಾಕ ಅಂಟಿ ಒಣಗಿದರಂತೂ ಹೇಳುವುದೇ ಬೇಡ. ಬಿಸಿ ಪಾಕದಲ್ಲಿ ಶಾಖ ಯಾವುದು, ಸಕ್ಕರೆ ಯಾವುದು ಅಂತ ಬೇರ್ಪಡಿಸಲು ಪಕ್ಕದಲ್ಲೇ ನಿಮ್ಮ ಆ ಬ್ರ್ಯಾಗ್ ಗ್ರೇಟಿಂಗ್ ಇಡಿ. ಅದಕ್ಕೆ ಸಕ್ಕರೆ ಗೊತ್ತಾಗುವುದಿಲ್ಲ, ಶಾಖ ಮಾತ್ರ ಗೊತ್ತಾಗುತ್ತದೆ. ತಂದದ್ದು ದಂಡವಾಗಲಿಲ್ಲ ನೋಡಿ.

ಪ್ರ: ಬರೆಯುವಾಗಲೇ ಬೇಕಾದ ತರಂಗಾಂತರಕ್ಕೆ ಬರೆಯಬಹುದಲ್ಲ? ಪ್ಲಾಸ್ಟಿಕ್ ಫೈಬರ್ ಆದರೆ ಇನ್ನೂ ಜಾಸ್ತಿ ಹಿಗ್ಗುತ್ತದಲ್ಲ?
– ಇಬ್ಬರು ಓದುಗರು, ಇಳಕಲ್ ಮತ್ತು ಅಥಣಿ

ಉ: ಬರೆಯಬಹುದು. ಬರೆಯುವ ಎರಡು ಅಲ್ಟ್ರಾವಯೊಲೆಟ್ ಕಿರಣಗಳ ನಡುವಿನ ಕೋನ ಬದಲಿಸಿದರೆ ಅಂತರ ಬದಲಾಗುತ್ತದೆ. 1993ರಿಂದ ಬಳಕೆಗೆ ಬಂದ, ಗೆರೆ ಕೊರೆದ ಗಾಜಿನ ತಟ್ಟೆಯಾದ ಫೇಸ್ (phase) ಮಾಸ್ಕ್‌ನಲ್ಲಿ ಆ ಸ್ವಾತಂತ್ರ್ಯ ಕಮ್ಮಿ, ಮಾಸ್ಕ್‌ನ ಅಂತರದ ಅರ್ಧವೇ ಗ್ರೇಟಿಂಗ್‌ನ ಅಂತರ. ಆಗ ಫೈಬರನ್ನು ಎಳೆದು ಹಿಡಿದು ಬರೆದು ಬಿಟ್ಟುಬಿಟ್ಟರೆ ಅದು ಕುಗ್ಗಿ, ಕೆಲವು ನ್ಯಾನೋಮೀಟರ್ ಕೆಳಗಿನ ತರಂಗಾಂತರ ಸಿಗುತ್ತದೆ. ಹೈಡ್ರೋಜನ್ ತುಂಬಿಸಿದ ಫೈಬರಾದರೆ, ಅದು ಹೊರಹೋದ ಹಾಗೆ ತರಂಗಾಂತರ ತಾನಾಗಿ ಇಳಿಯುತ್ತದೆ, ಹಾಗಾಗಿ ಒಮ್ಮೆ ಹದವಾಗಿ ಕಾಯಿಸಿ ಸ್ಥಿರ ಮಾಡಿದ ಮೇಲೆಯೇ ಅಳತೆ ನಂಬಿ.

ಪ್ಲಾಸ್ಟಿಕ್ ಫೈಬರ್ ಗಾಜಿಗಿಂತ ಇಪ್ಪತ್ತು ಪಾಲು ಮೆತ್ತಗೆ, ಹಿಗ್ಗುವುದೂ ಜಾಸ್ತಿ, ಹತ್ತಾರು ನ್ಯಾನೋಮೀಟರ್ ಸುಲಭ. ಕಾಯಿಸಿದರೆ ಗಾಜಿನ ಹಾಗೆ ಮೇಲೆ ಹೋಗದೆ ಕೆಳಗೆ ಇಳಿಯುತ್ತದೆ. ಆದರೆ 1550ರಲ್ಲಿ ಅದು ಬೆಳಕು ನುಂಗುವುದು ವಿಪರೀತ, ತೇವ ತಾಕಿದರೂ ಸರಿಯುತ್ತದೆ. ಕೆಲವು ಸೆಂಟಿಮೀಟರ್ ತುಂಡಿಗೆ ಸರಿ.

ಪ್ರ: ಪಟ್ಟಿಗೆ ಅಂಟಿಸಲು ಯಾವ ಅಂಟು? ನಮ್ಮದು ದಿನೇ ದಿನೇ ವಾಪಸ್ ಜಾರುತ್ತಿದೆ.
– ಲ್ಯಾಬ್ ಸಹಾಯಕ, ಬೆಳಗಾವಿ

ಉ: ಜಾರುತ್ತಿರುವುದು ಬಹುಶಃ ಅಂಟಲ್ಲ, ಫೈಬರಿನ ಹೊದಿಕೆ. ಆ ಅಕ್ರಿಲೇಟ್ ಹೊದಿಕೆ ಮೆತ್ತಗಿರುತ್ತದೆ, ಅದರ ಮೇಲೆ ಅಂಟಿಸಿದರೆ ಒಳಗಿನ ಗಾಜು ನಿಧಾನಕ್ಕೆ ಸರಿದು ಎಳೆತ ಬಿಟ್ಟುಕೊಡುತ್ತದೆ. ಅಂಟಿಸುವ ಎರಡು ಬಿಂದುಗಳಲ್ಲಿ ಹೊದಿಕೆ ತೆಗೆದು ಗಾಜಿಗೇ ಅಂಟಿಸಿ. ಐದು ನಿಮಿಷದ ಎಪಾಕ್ಸಿ ಬೇಡ, ಬಿಸಿಯಲ್ಲಿ ಹದಗೊಳ್ಳುವ ಎಪಾಕ್ಸಿ ತನ್ನಿ, ಅದು ಬೇಸಿಗೆಯ ಶಾಖದಲ್ಲಿ ಮೆತ್ತಗಾಗುವುದಿಲ್ಲ. ಗ್ರೇಟಿಂಗ್ ಇರುವ ಭಾಗದ ಮೇಲೆ ಮುದ್ದೆ ಮುದ್ದೆಯಾಗಿ ಸುರಿಯಬೇಡಿ. ದಪ್ಪ ಇದ್ದ ಕಡೆ ಅಂಟು ಹೆಚ್ಚು ಕುಗ್ಗಿ ಅಲ್ಲಿ ಮಾತ್ರ ಒತ್ತುತ್ತದೆ, ಒಂದೇ ಶಿಖರ ಎರಡಾಗಿ ಸೀಳುತ್ತದೆ. ಉದ್ದಕ್ಕೂ ಹಚ್ಚುವುದಿದ್ದರೆ ತೆಳ್ಳಗೆ, ಒಂದೇ ಸಮ ಇರಲಿ. ಹದಗೊಂಡ ಮೇಲೆ ಪಟ್ಟಿಯನ್ನು ನಿಮಗೆ ಬೇಕಾದ ವ್ಯಾಪ್ತಿಯುದ್ದಕ್ಕೂ ಹಲವು ಸಲ ಬಾಗಿಸಿ ಬಿಡಿ, ಆಮೇಲೆ ಸೊನ್ನೆ ಗುರುತು ಹಾಕಿ.